ಇನ್ನೂರು ಅಂಕದ ಟೈರು

ನಿವೃತ್ತನಾದ ಮೇಲೆ ಉತ್ತರಪತ್ರಿಕೆಗಳ ಕಟ್ಟು ನನ್ನ ಮೇಜಿನಿಂದ ಮರೆಯಾಯಿತಾದರೂ ಅಂಕಗಳ ಮೇಲಿನ ಕುತೂಹಲ ಮಾತ್ರ ಮರೆಯಾಗಲಿಲ್ಲ. ಎಲ್ಲಿಯಾದರೂ ಒಂದು ಸಂಖ್ಯೆ ಕಣ್ಣಿಗೆ ಬಿದ್ದರೆ, ಇದು ಎಷ್ಟಕ್ಕೆ ಎಷ್ಟು, ಕೊಟ್ಟವರು ಯಾರು, ಯಾವ ಪರೀಕ್ಷೆಯ ಮೇಲೆ ಕೊಟ್ಟರು ಎಂದು ಕೇಳುವುದು ನನಗೆ ಅಂಟಿಕೊಂಡ ಅಭ್ಯಾಸ. ಈ ಅಭ್ಯಾಸವೇ ನನ್ನನ್ನು ಟೈರುಗಳ ಇತಿಹಾಸದವರೆಗೆ ಎಳೆದುಕೊಂಡು ಹೋಗುತ್ತದೆಂದು ನಾನು ಎಣಿಸಿರಲಿಲ್ಲ.

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಾಗ ನನ್ನನ್ನು ಕಾಣಲು ಮನೆಗೆ ಬಂದಿದ್ದ. ಹೊರಡುವಾಗ ಅಂಗಳದಲ್ಲಿ ನಿಂತಿದ್ದ ಕಾರಿನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ಟೈರಿನ ಪಕ್ಕೆಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿ, “ಸಾರ್, ನಿಮ್ಮ ಟೈರಿಗೂ ಅಂಕ ಕೊಟ್ಟಿದ್ದಾರೆ, ನೋಡಿ” ಎಂದ. ‘ಟ್ರೆಡ್‌ವೇರ್’ ಎಂಬ ಪದವೂ ಅದರ ಮುಂದೆ ಮೂರಂಕಿಯ ಒಂದು ಸಂಖ್ಯೆಯೂ ಅಲ್ಲಿ ಉಬ್ಬಚ್ಚಿನಲ್ಲಿದ್ದವು. ಅಷ್ಟು ವರ್ಷಗಳಿಂದ ಆ ಕಾರಿನಲ್ಲಿ ತಿರುಗಾಡಿದ್ದರೂ ನಾನು ಅದನ್ನು ಓದಿರಲಿಲ್ಲ. ಅವನು ರಜಾದಿನಗಳಲ್ಲಿ ‘ಆಟೋಕ್ರಾಸ್’ ಎಂಬ ಕಾರು ಓಟದಲ್ಲಿ ಭಾಗವಹಿಸುವವನು. ಅವನಿಗಿರುವುದು ಒಂದೇ ಕಾರು. ವಾರವೆಲ್ಲ ಅದರಲ್ಲೇ ಕಚೇರಿಗೆ ಹೋಗಬೇಕು, ಭಾನುವಾರ ಅದರಲ್ಲೇ ಓಡಬೇಕು. “ನಮ್ಮ ವಿಭಾಗದಲ್ಲಿ ಇನ್ನೂರಕ್ಕಿಂತ ಕಡಿಮೆ ಅಂಕದ ಟೈರಿಗೆ ಪ್ರವೇಶವಿಲ್ಲ ಸಾರ್. ಆದರೆ ಒಬ್ಬರ ಇನ್ನೂರು ಇನ್ನೊಬ್ಬರ ಇನ್ನೂರಲ್ಲ” ಎಂದು ನಕ್ಕ. ಆ ಕೊನೆಯ ಮಾತು ನನ್ನನ್ನು ಬಿಡಲಿಲ್ಲ. ಸರ್ಕಾರದ ಕಾನೂನಿನಿಂದ ಹುಟ್ಟಿದ ಅಂಕ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಆಗುವುದು ಹೇಗೆ? ಅದನ್ನು ತಿಳಿಯಹೊರಟಾಗ ದೊರೆತ ಕಥೆಯನ್ನು ಓದುಗರ ಮುಂದಿಡುತ್ತಿದ್ದೇನೆ.

ಮೊದಲಿಗೆ ಟೈರಿನೊಳಗಿರುವ ಒಂದು ಹಳೆಯ ಜಗಳವನ್ನು ಅರಿಯಬೇಕು. ಅದು ಹಿಡಿತಕ್ಕೂ ಬಾಳಿಕೆಗೂ ಇರುವ ಜಗಳ. ಮೇಷ್ಟರಾದವರಿಗೆ ಇದನ್ನು ಸೀಮೆಸುಣ್ಣವೇ ಕಲಿಸಿಕೊಟ್ಟಿರುತ್ತದೆ. ಮೃದುವಾದ ಸೀಮೆಸುಣ್ಣ ಹಲಗೆಯನ್ನು ಚೆನ್ನಾಗಿ ಹಿಡಿಯುತ್ತದೆ, ಅಕ್ಷರ ದಪ್ಪವಾಗಿ ಮೂಡುತ್ತದೆ, ಆದರೆ ಎರಡು ಪಾಠ ಮುಗಿಯುವಷ್ಟರಲ್ಲಿ ಚೂರಾಗಿ ಉಳಿಯುತ್ತದೆ. ಗಟ್ಟಿಯಾದದ್ದು ವಾರವಿಡೀ ಬಾಳುತ್ತದೆ, ಆದರೆ ಕಿರುಗುಟ್ಟುತ್ತ ಜಾರುತ್ತದೆ. ರಬ್ಬರಿನ ಸ್ವಭಾವವೂ ಹೆಚ್ಚುಕಡಿಮೆ ಹೀಗೆಯೇ. ಡಾಂಬರಿನ ಮೇಲಿನ ಸಣ್ಣ ಸಣ್ಣ ಕಲ್ಲುಗಳ ಸುತ್ತ ರಬ್ಬರು ತಗ್ಗಿ, ಬಾಗಿ, ಅಪ್ಪಿಕೊಳ್ಳಬೇಕು. ಮತ್ತೆ ತನ್ನ ಆಕಾರಕ್ಕೆ ತುಸು ತಡವಾಗಿ ಮರಳಬೇಕು. ಈ ತಡದಲ್ಲಿ ಶಕ್ತಿಯ ಒಂದು ಭಾಗ ಶಾಖವಾಗಿ ಕಳೆದುಹೋಗುತ್ತದೆ. ಕಾರನ್ನು ತಿರುವಿನಲ್ಲಿ ಜಾರದಂತೆ ತಡೆಯುವ ಬಲದಲ್ಲಿ ಅದರ ಪಾಲು ದೊಡ್ಡದು. ಹೆಚ್ಚು ಹಿಡಿಯುವ ಮೃದು ರಬ್ಬರು ಸಾಮಾನ್ಯವಾಗಿ ಬೇಗ ಕಾಯುತ್ತದೆ, ಬೇಗ ಸವೆಯುತ್ತದೆ.

ಟೈರಿನ ಚರಿತ್ರೆಯೆಂದರೆ ಈ ಜಗಳವನ್ನು ರಾಜಿ ಮಾಡಿಸುವ ಪ್ರಯತ್ನಗಳ ಚರಿತ್ರೆಯೆಂದೇ ಹೇಳಬಹುದು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಿಧಾನವನ್ನು ಕಂಡುಕೊಂಡು 1844ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅದಕ್ಕೆ ಮೊದಲು ರಬ್ಬರು ಬೇಸಿಗೆಯಲ್ಲಿ ಅಂಟಂಟಾಗಿ, ಚಳಿಯಲ್ಲಿ ಬಿರುಸಾಗಿ ಯಾವ ಚಕ್ರಕ್ಕೂ ಒದಗದ ವಸ್ತುವಾಗಿತ್ತು. ಗಾಳಿ ತುಂಬಿದ ಟೈರಿಗೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟಿಷ್ ಎಂಜಿನಿಯರ್ 1845ರಲ್ಲಿಯೇ ಪೇಟೆಂಟ್ ಪಡೆದಿದ್ದ. ಆದರೆ ಅದನ್ನು ಬಳಸುವ ಕಾಲ ಇನ್ನೂ ಬಂದಿರಲಿಲ್ಲ. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಹಿಡಿದು 1888ರಲ್ಲಿ ಪೇಟೆಂಟ್ ಪಡೆದಾಗ ಕಾಲ ಕೂಡಿಬಂತು. ಏಳೇ ವರ್ಷಗಳಲ್ಲಿ, 1895ರ ಪ್ಯಾರಿಸ್–ಬೋರ್ಡೊ–ಪ್ಯಾರಿಸ್ ಓಟದಲ್ಲಿ, ಮಿಶೆಲಿನ್ ಸಹೋದರರು ಗಾಳಿಯ ಟೈರು ತೊಡಿಸಿದ ಮೋಟಾರನ್ನು ಓಡಿಸಿದರು. ಓಟದ ಕಣವು ಟೈರಿನ ಪ್ರಯೋಗಶಾಲೆಯಾದದ್ದು ಹೀಗೆ, ಬಹು ಹಿಂದೆಯೇ.

ಆ ಕಾಲದ ಟೈರುಗಳು ಕಪ್ಪಾಗಿರಲಿಲ್ಲವೆಂಬುದು ಇಂದಿನವರಿಗೆ ವಿಚಿತ್ರವೆನಿಸಬಹುದು. ಅವು ಮಾಸಲು ಬಿಳಿಯ ಬಣ್ಣದವು. 1898ರಲ್ಲಿ ಹುಟ್ಟಿದ ಮಿಶೆಲಿನ್ ಸಂಸ್ಥೆಯ ಟೈರು ಮನುಷ್ಯ ಇಂದಿಗೂ ಬೆಳ್ಳಗಿರುವುದು ಅದರ ನೆನಪು. 1904ರಲ್ಲಿ ಲಂಡನ್ನಿನ ಸಿಲ್ವರ್‌ಟೌನಿನ ರಬ್ಬರು ಕಾರ್ಖಾನೆಯಲ್ಲಿ ಎಸ್. ಸಿ. ಮೋಟ್ ಎಂಬ ರಸಾಯನ ತಜ್ಞನು, ರಬ್ಬರಿಗೆ ನುಣುಪಾದ ಇಂಗಾಲದ ಮಸಿಯನ್ನು ಬೆರೆಸಿದರೆ ಅದು ಬಹಳ ಗಟ್ಟಿಯಾಗುತ್ತದೆಂದು ಕಂಡುಕೊಂಡ. ಮುಂದಿನ ಒಂದು ದಶಕದಲ್ಲಿ ಮಸಿ ಬೆರೆತ ಟೈರು ಪೇಟೆಗೆ ಬಂದು ಅದರ ಆಯುಷ್ಯ ಅನೇಕ ಪಟ್ಟು ಹೆಚ್ಚಿತು. ನಮ್ಮ ಅಜ್ಜಿಯಂದಿರು ದೀಪದ ಮಸಿಯನ್ನು ಹಿಡಿದು ಕಾಡಿಗೆ ಮಾಡುತ್ತಿದ್ದರಲ್ಲವೇ? ಅದರ ಹತ್ತಿರದ ನೆಂಟನೇ ಇಂದು ಜಗತ್ತಿನ ವಾಹನಗಳನ್ನು ಹೊತ್ತಿರುವುದು. ಬಳಿಕ ಮಿಶೆಲಿನ್ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ರಚನೆ ಬಂತು. 1990ರ ದಶಕದಲ್ಲಿ ಮಸಿಯ ಬದಲು ಸಿಲಿಕಾ ಬೆರೆಸುವ ವಿಧಾನ ಬೇರೂರಿ, ಒದ್ದೆ ರಸ್ತೆಯ ಹಿಡಿತ ಸುಧಾರಿಸಿತು. ಪ್ರತಿಯೊಂದು ಹೆಜ್ಜೆಯಲ್ಲಿಯೂ ರಾಜಿಯ ಗೆರೆ ತುಸು ಮುಂದೆ ಸರಿಯಿತೇ ಹೊರತು ಜಗಳ ಮುಗಿಯಲಿಲ್ಲ.

ಇನ್ನು ಅಂಕದ ಕಥೆಗೆ ಬರೋಣ. 1960ರ ದಶಕದ ಅಮೆರಿಕದಲ್ಲಿ ಟೈರು ಕೊಳ್ಳುವುದೆಂದರೆ ಕಣ್ಣು ಕಟ್ಟಿ ಸಂತೆಗೆ ಹೋದಂತಿತ್ತು. ‘ಪ್ರೀಮಿಯಂ’, ‘ಮೊದಲ ದರ್ಜೆ’ ಎಂಬ ಬಿರುದುಗಳನ್ನು ಪ್ರತಿಯೊಂದು ಸಂಸ್ಥೆಯೂ ತನಗೆ ತೋಚಿದಂತೆ ಹಚ್ಚುತ್ತಿತ್ತು. ಒಂದರ ಮೊದಲ ದರ್ಜೆ ಇನ್ನೊಂದರ ಮೂರನೆಯದಕ್ಕಿಂತ ಕಳಪೆಯಾಗಿದ್ದರೂ ಕೇಳುವವರಿರಲಿಲ್ಲ. ವಿಸ್ಕಾನ್ಸಿನ್ ರಾಜ್ಯದ ಸೆನೆಟರ್ ಗೇಲಾರ್ಡ್ ನೆಲ್ಸನ್ (ಮುಂದೆ 1970ರಲ್ಲಿ ‘ಭೂಮಿ ದಿನ’ವನ್ನು ಆರಂಭಿಸಿದವರೂ ಇವರೇ) ಟೈರುಗಳಿಗೆ ಸುರಕ್ಷತೆಯ ನಿಯಮವೂ ಗುಣಮಟ್ಟದ ಶ್ರೇಣಿಯೂ ಬೇಕೆಂದು ಪಟ್ಟು ಹಿಡಿದರು. ರಾಲ್ಫ್ ನೇಡರ್ ಅವರ ಪುಸ್ತಕ 1965ರಲ್ಲಿ ಪ್ರಕಟವಾಗಿ ವಾಹನ ಸುರಕ್ಷತೆಯ ವಿಷಯ ಮನೆಮನೆಯ ಮಾತಾಗಿತ್ತು. 1966ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಸಹಿ ಬಿದ್ದ ವಾಹನ ಸುರಕ್ಷತಾ ಕಾಯಿದೆಯಲ್ಲಿ ಒಂದು ಕಲಮು ಸೇರಿತು: ಕೊಳ್ಳುವವನು ಹೋಲಿಸಿ ನೋಡಲು ಅನುಕೂಲವಾಗುವಂತೆ ಎರಡು ವರ್ಷಗಳೊಳಗೆ ಟೈರುಗಳಿಗೆ ಏಕರೂಪದ ಗುಣಮಟ್ಟದ ಶ್ರೇಣಿಯನ್ನು ರೂಪಿಸಬೇಕು.

ಎರಡು ವರ್ಷ ಎಂಬುದು ಹದಿಮೂರು ವರ್ಷವಾಯಿತು! ಅಳೆಯುವ ವಿಧಾನದ ಮೇಲೆ ತಕರಾರು, ತಯಾರಕರ ವಿರೋಧ, ನ್ಯಾಯಾಲಯದ ವ್ಯಾಜ್ಯ ಇವೆಲ್ಲವನ್ನೂ ದಾಟಿ ಶ್ರೇಣಿ ಜಾರಿಗೆ ಬಂದದ್ದು 1979–80ರಲ್ಲಿ. ಅದರಲ್ಲಿ ಮೂರು ವಿಷಯಗಳಿದ್ದವು: ಸವೆತಕ್ಕೆ ಸಂಖ್ಯೆ, ಒದ್ದೆ ನೆಲದ ಹಿಡಿತಕ್ಕೆ ಅಕ್ಷರ, ಶಾಖ ತಾಳುವ ಶಕ್ತಿಗೆ ಇನ್ನೊಂದು ಅಕ್ಷರ.

ಸವೆತದ ಪರೀಕ್ಷೆ ನಡೆಯುವುದು ಟೆಕ್ಸಾಸ್ ರಾಜ್ಯದ ಸ್ಯಾನ್ ಏಂಜೆಲೊ ಊರಿನ ಸುತ್ತ. ಅಲ್ಲಿ ಸಾರ್ವಜನಿಕ ರಸ್ತೆಗಳ ಮೇಲೆಯೇ ಸುಮಾರು 400 ಮೈಲಿಯ (640 ಕಿ.ಮೀ.) ಒಂದು ಸುತ್ತುದಾರಿಯನ್ನು ಗೊತ್ತುಪಡಿಸಿದ್ದಾರೆ. ಪರೀಕ್ಷೆಗೆ ಬಂದ ಟೈರನ್ನೂ ಸರ್ಕಾರ ಗೊತ್ತುಮಾಡಿದ ಮಾದರಿ ಟೈರನ್ನೂ ತೊಟ್ಟ ಕಾರುಗಳು ಒಂದರ ಹಿಂದೆ ಒಂದರಂತೆ ಸಾಲಾಗಿ ಓಡುತ್ತವೆ. ಬಿಸಿಲು, ಮಳೆ, ರಸ್ತೆಯ ಒರಟು ಎಲ್ಲವೂ ಇಬ್ಬರಿಗೂ ಸಮನಾಗಿರಲೆಂದು ಈ ಏರ್ಪಾಡು. ಒಟ್ಟು 7,200 ಮೈಲಿ, ಎಂದರೆ ಸುಮಾರು 11,600 ಕಿ.ಮೀ. ಓಡಿಸಿ, ನಡುನಡುವೆ ಹೊರಪದರದ ಗೀರುಗಳ ಆಳವನ್ನು ಅಳೆಯುತ್ತಾರೆ. ಸವೆತದ ಆ ವೇಗವನ್ನು ಮುಂದಕ್ಕೆ ಎಳೆದು, ಪೂರ್ತಿ ಸವೆಯಲು ಎಷ್ಟು ದೂರ ಬೇಕೆಂದು ಲೆಕ್ಕ ಹಾಕುತ್ತಾರೆ. ಮೂಲಮಾನಕ್ಕೆ 100 ಅಂಕ. ಅದರ ಒಂದೂವರೆ ಪಟ್ಟು ಬಾಳುವುದಕ್ಕೆ 150ರ ಮಟ್ಟ, ಎರಡು ಪಟ್ಟು ಬಾಳುವುದಕ್ಕೆ 200. ಟೈರಿನ ಮೇಲೆ ಒತ್ತುವಾಗ ಮಾತ್ರ 20ರ ಮೆಟ್ಟಿಲುಗಳಲ್ಲಿ ಕೆಳಕ್ಕೆ ಇಳಿಸಿ ಒತ್ತುತ್ತಾರೆ.

ಇಲ್ಲಿ ಮೇಷ್ಟರ ಕಣ್ಣಿಗೆ ಮೂರು ಸಂಗತಿಗಳು ಬೀಳುತ್ತವೆ. ಒಂದು, ಇದು ಕಿಲೋಮೀಟರುಗಳ ಭರವಸೆಯಲ್ಲ; ಇನ್ನೊಬ್ಬನೊಡನೆ ಹೋಲಿಸಿ ಕೊಟ್ಟ ಅಂಕ. ಎರಡು, ಟೈರನ್ನು ಪೂರ್ತಿ ಸವೆಸಿ ನೋಡುವುದಿಲ್ಲ. ಅರ್ಧವಾರ್ಷಿಕ ಪರೀಕ್ಷೆಯನ್ನು ನೋಡಿ ವಾರ್ಷಿಕ ಫಲಿತಾಂಶವನ್ನು ಊಹಿಸಿದಂತೆ. ಮೂರನೆಯದೇ ಮುಖ್ಯವಾದದ್ದು: ಪರೀಕ್ಷೆಯ ವಿಧಾನ ಸರ್ಕಾರದ್ದಾದರೂ ಅಂಕ ಕೊಡುವವನು ಟೈರು ತಯಾರಕನೇ! ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದುತ್ತಾನೆ. ಸರ್ಕಾರ ಬೇಕೆನಿಸಿದಾಗ ಅಲ್ಲೊಂದು ಇಲ್ಲೊಂದು ಪತ್ರಿಕೆಯನ್ನು ಮರುಪರಿಶೀಲಿಸುತ್ತದೆ. ಗಳಿಸಿದ್ದಕ್ಕಿಂತ ಹೆಚ್ಚು ಬರೆದುಕೊಂಡರೆ ತಪ್ಪು. ಕಡಿಮೆ ಬರೆದುಕೊಂಡರೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ.

ಈ ಕೊರತೆಗಳು ಆಗಲೇ ಚರ್ಚೆಗೆ ಬಂದಿದ್ದವು. ಪರೀಕ್ಷೆಯ ಫಲಿತಾಂಶ ಒಮ್ಮೆ ಇದ್ದಂತೆ ಇನ್ನೊಮ್ಮೆ ಇರುವುದಿಲ್ಲ, ತಯಾರಕರು ಅಂಕ ಹಾಕುವ ರೀತಿಯೂ ಒಂದೇ ಅಲ್ಲ, ಆದ್ದರಿಂದ ಈ ಸಂಖ್ಯೆ ಕೊಳ್ಳುವವರನ್ನು ದಾರಿ ತಪ್ಪಿಸಬಹುದು ಎಂಬ ಕಾರಣ ನೀಡಿ ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 1983ರಲ್ಲಿ ಸವೆತದ ಅಂಕವನ್ನೇ ಅಮಾನತಿನಲ್ಲಿಟ್ಟಿತು. ನೇಡರ್ ಸ್ಥಾಪಿಸಿದ್ದ ‘ಪಬ್ಲಿಕ್ ಸಿಟಿಜನ್’ ಎಂಬ ಗ್ರಾಹಕ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. 1984ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ, ಈ ಅಮಾನತಿಗೆ ಇಲಾಖೆ ತಕ್ಕ ಸಮರ್ಥನೆ ನೀಡಿಲ್ಲವೆಂದು ಅದನ್ನು ರದ್ದುಮಾಡಿತು. ಪರೀಕ್ಷೆಯಲ್ಲಿ ದೋಷವಿದೆಯೆಂದು ಪರೀಕ್ಷೆಯನ್ನೇ ನಿಲ್ಲಿಸಬೇಕೆ, ದೋಷವನ್ನು ತಿದ್ದಬೇಕೆ? ಶಿಕ್ಷಣ ಕ್ಷೇತ್ರದಲ್ಲಿ ನಾವು ಎಷ್ಟೋ ಬಾರಿ ವಾದಿಸಿದ ಪ್ರಶ್ನೆಯನ್ನೇ ಅಲ್ಲಿ ಟೈರಿನ ಕುರಿತು ವಾದಿಸಿದ್ದರು. ಸಂಖ್ಯೆ ಉಳಿಯಿತು. ಅಮೆರಿಕದಲ್ಲಿ ಮಾರುವ ಕಾರು ಟೈರಿಗೆ ಅದು ಕಡ್ಡಾಯವಾದ್ದರಿಂದ (ಹಿಮದ ಟೈರುಗಳಂಥ ಕೆಲವಕ್ಕೆ ವಿನಾಯಿತಿಯುಂಟು), ಹೊರದೇಶಗಳಿಗೂ ಮಾರುವ ತಯಾರಕರ ಅಚ್ಚುಗಳ ಮೂಲಕ ಅದು ನಮ್ಮ ಅಂಗಳದ ಕಾರಿನವರೆಗೂ ಬಂದಿದೆ.

ಈಗ ಆಟೋಕ್ರಾಸ್ ವಿಷಯ. ನಮ್ಮಲ್ಲಿ, ವಿಶೇಷವಾಗಿ ಕೊಡಗು, ಚಿಕ್ಕಮಗಳೂರುಗಳ ಕಡೆ, ಆಟೋಕ್ರಾಸ್ ಎಂದರೆ ಹೆಚ್ಚಾಗಿ ಕೆಸರು ಮಣ್ಣಿನ ಓಟ. ಅಮೆರಿಕದ ಆಟೋಕ್ರಾಸ್ ಬೇರೆ ಬಗೆಯದು. ವಿಶಾಲವಾದ ವಾಹನ ನಿಲ್ದಾಣದಲ್ಲೋ ಹಳೆಯ ವಿಮಾನನೆಲೆಯ ಕಾಂಕ್ರೀಟಿನ ಮೇಲೋ, ಸಂಚಾರಿ ಪೊಲೀಸರು ರಸ್ತೆಯಲ್ಲಿಡುವಂಥ ಕಿತ್ತಳೆ ಬಣ್ಣದ ಶಂಕುಗಳನ್ನು ನಿಲ್ಲಿಸಿ ವಕ್ರವಕ್ರವಾದ ದಾರಿಯನ್ನು ಗುರುತಿಸುತ್ತಾರೆ. ಒಂದೊಂದೇ ಕಾರು ಗಡಿಯಾರದ ಎದುರು ಓಡುತ್ತದೆ. ಒಂದು ಓಟ ಸುಮಾರು ಒಂದು ನಿಮಿಷದ್ದು. ಶಂಕುವನ್ನು ಉರುಳಿಸಿದರೆ ದಂಡವಾಗಿ ಸಮಯ ಕೂಡಿಸುತ್ತಾರೆ. ವೇಗ ಹೆದ್ದಾರಿಯ ವೇಗವನ್ನು ಅಷ್ಟಾಗಿ ಮೀರುವುದಿಲ್ಲ. ತನ್ನದೇ ಕಾರು, ಒಂದು ಶಿರಸ್ತ್ರಾಣ, ಅಲ್ಪ ಶುಲ್ಕ ಇವಿದ್ದರೆ ಗುಮಾಸ್ತನೂ ಗೃಹಿಣಿಯೂ ವಿದ್ಯಾರ್ಥಿಯೂ ಓಡಬಹುದು. ಬಡವರ ಮೋಟಾರು ಕ್ರೀಡೆಯೆಂದು ಇದನ್ನು ಕರೆದರೆ ಹೆಚ್ಚು ತಪ್ಪಾಗದು. 1944ರಲ್ಲಿ ಸ್ಥಾಪನೆಯಾದ ‘ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ’ ಇದನ್ನು ‘ಸೋಲೋ’ ಎಂಬ ಹೆಸರಿನಲ್ಲಿ ನಡೆಸುತ್ತದೆ. ಅದರ ರಾಷ್ಟ್ರೀಯ ಸ್ಪರ್ಧೆ 2009ರಿಂದ ನೆಬ್ರಾಸ್ಕಾ ರಾಜ್ಯದ ಲಿಂಕನ್ ನಗರದಲ್ಲಿ, ಹಿಂದೆ ವಾಯುಪಡೆಯ ನೆಲೆಯಾಗಿದ್ದ ಕಾಂಕ್ರೀಟ್ ಬಯಲಿನಲ್ಲಿ ನಡೆಯುತ್ತ ಬಂದಿದೆ.

ಆದರೆ ಗೆಲ್ಲುವ ಆಸೆ ಬಡವರನ್ನೂ ಬಿಡುವುದಿಲ್ಲವಷ್ಟೆ. ಒಂದು ನಿಮಿಷದ ಓಟದಲ್ಲಿ ಟೈರಿನ ಹಿಡಿತವೇ ಪ್ರಧಾನವಾದ್ದರಿಂದ, ರಸ್ತೆಗೆ ಕಾನೂನಿನ ಪ್ರಕಾರ ಒಪ್ಪಿತವಾಗಿದ್ದರೂ ವಾಸ್ತವದಲ್ಲಿ ಓಟಕ್ಕೆಂದೇ ಮಾಡಿದ ಅತಿ ಮೃದು ಟೈರುಗಳು ಬಂದವು. ಇಂಡಿಯಾನಾ ರಾಜ್ಯದ ಹೂಸಿಯರ್ ಸಂಸ್ಥೆಯ ‘ಎ7’ ಎಂಬ ಟೈರಿನ ಸವೆತದ ಅಂಕ ಬರಿಯ 40! ಇವುಗಳನ್ನು ತೊಟ್ಟು ದಿನವೂ ಕಚೇರಿಗೆ ಹೋಗಲಾಗದು. ಎರಡನೆಯ ಚಕ್ರಗಳ ಸೆಟ್ ಕೊಳ್ಳಬೇಕು, ಓಟದ ಅಂಗಳಕ್ಕೆ ಹೊತ್ತೊಯ್ಯಬೇಕು, ಅಲ್ಲಿ ಬದಲಾಯಿಸಬೇಕು, ಬೇಗ ಸವೆದ ಮೇಲೆ ಮತ್ತೆ ಕೊಳ್ಳಬೇಕು. ಕಾರಿನಲ್ಲಿ ಏನನ್ನೂ ಬದಲಿಸದವರಿಗಾಗಿ ಇದ್ದ ‘ಸ್ಟಾಕ್’ ವಿಭಾಗದಲ್ಲಿಯೂ ಇಂಥ ಟೈರಿಗೆ ಅವಕಾಶವಿದ್ದುದರಿಂದ, ಕಾರು ಸಾಧಾರಣವಾದರೂ ಟೈರಿನ ಖರ್ಚು ಸಾಧಾರಣವಾಗಿರಲಿಲ್ಲ.

2014ರಲ್ಲಿ ಕ್ಲಬ್ ಆ ವಿಭಾಗವನ್ನು ‘ಸ್ಟ್ರೀಟ್’ ಎಂದು ಮಾರ್ಪಡಿಸಿ, ದಿನಬಳಕೆಯ ಟೈರಿಗಷ್ಟೇ ಪ್ರವೇಶವೆಂದು ನಿಯಮ ಮಾಡಿತು. ಆದರೆ ದಿನಬಳಕೆಯದು ಯಾವುದು, ಓಟದ್ದು ಯಾವುದು? ಗೆರೆ ಎಳೆಯಲು ಒಂದು ಅಳತೆ ಬೇಕಾಯಿತು. ಎಲ್ಲ ಟೈರಿನ ಪಕ್ಕೆಯ ಮೇಲೂ ಆಗಲೇ ಒಂದು ಸಂಖ್ಯೆ ಇತ್ತಲ್ಲ! ಮೊದಲು 140, ಬಳಿಕ 200 ಎಂಬ ಕನಿಷ್ಠ ಅಂಕವನ್ನು ಗೊತ್ತುಪಡಿಸಿದರು. ಗೃಹಸ್ಥನು ಟೈರು ಎಷ್ಟು ಬಾಳುತ್ತದೆಂದು ತಿಳಿಯಲೆಂದು 1966ರ ಕಾನೂನು ಬಯಸಿದ ಅಂಕ, ಓಟಗಾರನ ಪ್ರವೇಶ ಪರೀಕ್ಷೆಯ ಅಂಕವಾಯಿತು.

ಮುಂದೇನಾಯಿತೆಂಬುದನ್ನು ಅಧ್ಯಾಪಕರಾಗಿದ್ದವರು ಊಹಿಸಬಲ್ಲರು. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 35 ಬಂದರೆ ಉತ್ತೀರ್ಣ. ಆ ಗೆರೆಯನ್ನು ಎಳೆದ ದಿನದಿಂದಲೇ 35ಕ್ಕೆ ಮಾತ್ರ ಓದುವ ಹುಡುಗರ ಒಂದು ವರ್ಗ ಹುಟ್ಟಿಕೊಂಡಿತ್ತು. ಹಾಗೆಯೇ, ಸರಿಯಾಗಿ 200 ಎಂಬ ಅಂಕವನ್ನು ಹೊತ್ತು, ಉಳಿದೆಲ್ಲ ಸಾಮರ್ಥ್ಯವನ್ನು ಹಿಡಿತಕ್ಕೇ ಮುಡಿಪಿಟ್ಟ ಟೈರುಗಳ ವರ್ಗವೊಂದು ಬೆಳೆಯಿತು. 2015ರಲ್ಲಿ ಬಂದ ಬ್ರಿಜ್‌ಸ್ಟೋನ್ ಸಂಸ್ಥೆಯ ‘ಆರ್‌ಇ-71ಆರ್’, ಬಿ.ಎಫ್. ಗುಡ್‌ರಿಚ್‌ನ ‘ರೈವಲ್ ಎಸ್’, ಬಳಿಕ ಯೋಕೋಹಾಮಾದ ‘ಎ052’ ಇವು ಆಟೋಕ್ರಾಸ್ ಅಂಗಳದಲ್ಲಿ ಹೆಸರು ಮಾಡಿದವು. ಇವು ಬೇಗ ಕಾಯುತ್ತವೆ, ಮೊದಲ ತಿರುವಿನಿಂದಲೇ ನೆಲವನ್ನು ಕಚ್ಚುತ್ತವೆ, ಅಷ್ಟೇ ಬೇಗ ಸವೆಯುತ್ತವೆ. ಇತ್ತ ಹ್ಯಾಂಕೂಕ್ ಸಂಸ್ಥೆಯ ‘ಆರ್‌ಎಸ್4’ ಎಂಬ ಟೈರಿಗೂ ಅಂಕ 200ವೇ. ಆದರೆ ಅದು ನಿಧಾನವಾಗಿ ಕಾಯುವುದು, ದೀರ್ಘ ಓಟಗಳಲ್ಲಿ ಬಹುಕಾಲ ಬಾಳುವುದು ಎಂದೇ ಪ್ರಸಿದ್ಧ. ಪಕ್ಕೆಯ ಮೇಲಿನ ಸಂಖ್ಯೆ ಒಂದೇ, ಬಾಳುವೆ ಬೇರೆ ಬೇರೆ. ನನ್ನ ಶಿಷ್ಯನ ಮಾತಿನ ಅರ್ಥ ನನಗೆ ಆಗ ಸ್ಪಷ್ಟವಾಯಿತು.

ಕ್ಲಬ್ಬಿನವರಿಗೂ ಇದು ತಿಳಿಯದೆ ಇರಲಿಲ್ಲ. ಅಂಕವೊಂದೇ ಸಾಲದೆಂದು, ಹೊಸ ಟೈರಿನ ಗೀರುಗಳ ಆಳ ಕನಿಷ್ಠ 7/32 ಅಂಗುಲ (ಸುಮಾರು ಐದೂವರೆ ಮಿಲಿಮೀಟರ್) ಇರಬೇಕು, ಟೈರು ಎಲ್ಲ ಸ್ಪರ್ಧಿಗಳಿಗೂ ಪೇಟೆಯಲ್ಲಿ ದೊರೆಯುವಂತಿರಬೇಕು ಎಂಬ ಷರತ್ತುಗಳನ್ನೂ ಸೇರಿಸಿದರು. ಹಾಗೆಂದು ನಿಯಮ ಸೋತಿತೆಂದು ನಾನು ಹೇಳಲಾರೆ. ನಲವತ್ತು ಅಂಕದ ಟೈರಿನಲ್ಲಿ ಮನೆಯಿಂದ ಮೈದಾನಕ್ಕೆ ಹೋಗುವುದೇ ಕಷ್ಟವಾಗಿತ್ತು. ಇನ್ನೂರರ ಟೈರಿನಲ್ಲಿ ಓಡಿ, ಮಳೆ ಬಂದರೆ ಜಾಗ್ರತೆಯಿಂದ ಅದೇ ಚಕ್ರಗಳ ಮೇಲೆ ಮನೆ ಸೇರಬಹುದು. ಮೂವತ್ತೈದಕ್ಕೆ ಓದುವ ಹುಡುಗನೂ ಏನನ್ನೂ ಓದದವನಿಗಿಂತ ಮೇಲಲ್ಲವೇ? ಆದರೆ ಅಂಕ ಯಾವುದನ್ನು ಹೇಳುತ್ತದೆ, ಯಾವುದನ್ನು ಹೇಳುವುದಿಲ್ಲ ಎಂಬ ವಿವೇಕ ಕೊಳ್ಳುವವನಲ್ಲಿರಬೇಕು. ಇಲ್ಲದಿದ್ದರೆ ಕೈಯಲ್ಲಿನ ಹಣವೂ ಹೋಗುತ್ತದೆ, ಕೆಲವೊಮ್ಮೆ ಪ್ರಾಣಕ್ಕೂ ಕುತ್ತು ಬರುತ್ತದೆ.

ಆ ವಿವೇಕವನ್ನು ನನ್ನ ಶಿಷ್ಯನ ಸಮಸ್ಯೆಗೇ ಅನ್ವಯಿಸಿ ನೋಡೋಣ. ಒಂದು ಕಾರು, ಮಿತವಾದ ಹಣ, ವಾರವಿಡೀ ರಸ್ತೆ, ತಿಂಗಳಿಗೆ ಒಂದೆರಡು ಓಟ. ಅವನು ಕೊಳ್ಳಬೇಕಾದದ್ದು ಅಲ್ಲಿಯವರು ‘ಬೇಸಿಗೆ ಟೈರು’ ಎನ್ನುವ ಬಗೆಯದು. ನಮಗೆ ಈ ಭೇದದ ಅಗತ್ಯ ಬೀಳದು. ಹಿಮ ಬೀಳುವ ನಾಡಿನಲ್ಲಿ, ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ರಬ್ಬರು ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಬಿರುಕು ಬಿಡುವುದೂ ಉಂಟು. ಆದ್ದರಿಂದ ಚಳಿಗಾಲಕ್ಕೆ ಬೇರೆ ಟೈರು ಬೇಕೆಂಬ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯದಾಗಿ, ತಾನು ಗೆಲ್ಲಲು ಓಡುತ್ತಿದ್ದೇನೆಯೋ ಕಲಿಯಲು ಓಡುತ್ತಿದ್ದೇನೆಯೋ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಕಲಿಯುವವನಿಗೆ 300ರ ಆಸುಪಾಸಿನ ಅಂಕದ ಟೈರೇ ಹಿತ. ಮಿಶೆಲಿನ್‌ನ ‘ಪೈಲಟ್ ಸ್ಪೋರ್ಟ್ 4ಎಸ್’ಗೆ 300, ಕಾಂಟಿನೆಂಟಲ್‌ನ ‘ಎಕ್ಸ್‌ಟ್ರೀಮ್‌ಕಾಂಟ್ಯಾಕ್ಟ್ ಸ್ಪೋರ್ಟ್’, ಫೈರ್‌ಸ್ಟೋನ್‌ನ ‘ಫೈರ್‌ಹಾಕ್ ಇಂಡಿ 500’ ಇವಕ್ಕೆ 340. ಕೊನೆಯದು ಇವುಗಳಲ್ಲಿ ಅಗ್ಗವಾದದ್ದೆಂದು ಹೆಸರಾಗಿದೆ. ಇಂಥವು ಮಳೆಯಲ್ಲಿಯೂ ಆಸರೆಯಾಗುತ್ತವೆ. ಹಿಡಿತ ತಪ್ಪುವ ಮೊದಲು ಸಾಮಾನ್ಯವಾಗಿ ಸದ್ದು ಮಾಡಿ ಎಚ್ಚರಿಸುತ್ತವೆ. ಹೊಸ ಚಾಲಕನಿಗೆ ಅದಕ್ಕಿಂತ ಒಳ್ಳೆಯ ಗುರು ಬೇರೆ ಇಲ್ಲ. ಗೆಲ್ಲಲೇಬೇಕೆಂಬವನು ಇನ್ನೂರರ ವರ್ಗಕ್ಕೆ ಹೋಗಲಿ; ಆದರೆ ಅಲ್ಲಿಯೂ ಸಂಖ್ಯೆಯನ್ನು ನಂಬದೆ, ಅದೇ ಟೈರನ್ನು ಸವೆಸಿದವರ ಅನುಭವವನ್ನು ಕೇಳಿ ಕೊಳ್ಳಲಿ.

ಮೂರನೆಯದು ಗಣಿತ. ಲೆಕ್ಕಕ್ಕಾಗಿ ಎರಡು ಸೆಟ್‌ಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯದು 600 ಡಾಲರಿನದು, 24,000 ಕಿ.ಮೀ. ಬಾಳಿತು. ಎರಡನೆಯದು 900 ಡಾಲರಿನದು, 12,000 ಕಿ.ಮೀ. ಬಾಳಿತು. ಸಾವಿರ ಕಿಲೋಮೀಟರಿಗೆ ಮೊದಲನೆಯದಕ್ಕೆ ತಗಲಿದ್ದು 25 ಡಾಲರ್, ಎರಡನೆಯದಕ್ಕೆ 75. ಕೊಂಡಾಗ ಬೆಲೆ ಒಂದೂವರೆ ಪಟ್ಟು, ಬಳಸಿದಾಗ ವೆಚ್ಚ ಮೂರು ಪಟ್ಟು! ಅಂಗಡಿಯ ಚೀಟಿಯಲ್ಲಿ ಮೊದಲಿನ ಲೆಕ್ಕ ಮಾತ್ರ ಕಾಣುತ್ತದೆ; ಎರಡನೆಯದನ್ನು ನಾವೇ ಮಾಡಿಕೊಳ್ಳಬೇಕು. ಚಕ್ರದ ವ್ಯಾಸ ಹೆಚ್ಚಿದಂತೆ ಟೈರಿನ ಬೆಲೆಯೂ ಸಾಮಾನ್ಯವಾಗಿ ಏರುವುದರಿಂದ, ಕಾರಿಗೆ ಹೊಂದುವ ಚಿಕ್ಕ ವ್ಯಾಸದ ಚಕ್ರವಿದ್ದರೆ ಅದೂ ಉಳಿತಾಯವೇ. ‘ಸ್ಟ್ರೀಟ್’ ವಿಭಾಗದ ನಿಯಮವು ಚಕ್ರದ ಅಗಲವನ್ನು ಬದಲಿಸಲು ಬಿಡದಿದ್ದರೂ ವ್ಯಾಸದಲ್ಲಿ ಒಂದು ಅಂಗುಲದಷ್ಟು ಹೆಚ್ಚುಕಡಿಮೆಗೆ ಅವಕಾಶ ನೀಡುತ್ತದೆ.

ನಾಲ್ಕನೆಯದಾಗಿ, ಪಕ್ಕೆಯ ಮೇಲಿನ ಉಳಿದ ಬರಹವನ್ನೂ ಓದಬೇಕು. ‘ಡಿ.ಓ.ಟಿ.’ ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ಟೈರು ಹುಟ್ಟಿದ ವಾರವನ್ನೂ ವರ್ಷವನ್ನೂ ಹೇಳುತ್ತವೆ. 2423 ಎಂದಿದ್ದರೆ 2023ರ 24ನೆಯ ವಾರ. ಅಗ್ಗಕ್ಕೆ ಸಿಕ್ಕಿತೆಂದು ಗೋದಾಮಿನಲ್ಲಿ ಮುದಿಯಾದ ಟೈರನ್ನು ತಂದರೆ ಹಿಡಿತವನ್ನೇ ಕಳೆದುಕೊಂಡಂತೆ. ಒದ್ದೆ ನೆಲದ ಹಿಡಿತಕ್ಕೆ ಕೊಟ್ಟ ಅಕ್ಷರವೂ ನೇರವಾಗಿ ಓಡುವಾಗ ಬ್ರೇಕು ಹಾಕಿದ ಪರೀಕ್ಷೆಯದೇ ಹೊರತು ತಿರುವಿನದಲ್ಲ ಎಂಬುದನ್ನು ಮರೆಯಬಾರದು. ಪ್ರಶ್ನೆಪತ್ರಿಕೆಯಲ್ಲಿ ಕೇಳದ ವಿಷಯಕ್ಕೆ ಅಂಕಪಟ್ಟಿ ಉತ್ತರ ಹೇಳಲಾರದು.

ಕೊನೆಯದಾಗಿ ಒಂದು ಮಾತು. ಶಿಷ್ಯ ಹೊರಡುವಾಗ ನಾನು ಕೇಳಿದೆ: “ಇಷ್ಟೆಲ್ಲ ಅಂಕವನ್ನು ನಂಬಲಾಗದಿದ್ದರೆ ನಿನ್ನ ಟೈರು ಸರಿಯಾಗಿ ಕೆಲಸ ಮಾಡುತ್ತಿದೆಯೆಂದು ನಿನಗೆ ತಿಳಿಯುವುದು ಹೇಗಪ್ಪಾ?” ಅವನು ಹೇಳಿದ ಉತ್ತರ ನನಗೆ ಬಹಳ ಸಂತೋಷ ಕೊಟ್ಟಿತು. ಓಟಕ್ಕೆ ಮೊದಲು ಅವರು ಟೈರಿನ ಹೊರಪದರವೂ ಪಕ್ಕೆಯೂ ಕೂಡುವ ಅಂಚಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾರಂತೆ. ಓಡಿ ಬಂದ ಮೇಲೆ ನೋಡುತ್ತಾರೆ. ಗೆರೆ ಪಕ್ಕೆಯ ಕೆಳಗಿನವರೆಗೂ ಅಳಿಸಿಹೋಗಿದ್ದರೆ ಟೈರು ತಿರುವಿನಲ್ಲಿ ಅತಿಯಾಗಿ ಮಗ್ಗುಲಾಗುತ್ತಿದೆ, ಗಾಳಿ ಸಾಲದು. ಹೊರಪದರದ ಅಂಚೂ ಅಳಿಯದೆ ಉಳಿದಿದ್ದರೆ ಗಾಳಿ ಹೆಚ್ಚಾಗಿದೆ. ಅಂಚಿನವರೆಗೆ ಮಾತ್ರ ಅಳಿಸಿದ್ದರೆ ಸರಿಯಾಗಿದೆ.

ಅವನನ್ನು ಬೀಳ್ಕೊಟ್ಟು ಒಳಗೆ ಬಂದು, ಹಳೆಯ ಪೆಟ್ಟಿಗೆಯಲ್ಲಿ ಉಳಿದಿದ್ದ ಸೀಮೆಸುಣ್ಣದ ತುಂಡೊಂದನ್ನು ಹುಡುಕಿ ತೆಗೆದಿಟ್ಟೆ. ನನ್ನ ಕಾರು ಯಾವ ಓಟಕ್ಕೂ ಹೋಗುವುದಿಲ್ಲ. ಆದರೂ ಮರುದಿನ ಬೆಳಿಗ್ಗೆ ನಾಲ್ಕು ಟೈರುಗಳ ಪಕ್ಕೆಯನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಅಂಕಗಳನ್ನೂ ಹುಟ್ಟಿದ ವಾರವನ್ನೂ ಬರೆದುಕೊಂಡೆ. ಹಿಂದಿನ ಎರಡು ಟೈರುಗಳು ನಾನು ಎಣಿಸಿದ್ದಕ್ಕಿಂತ ಬಹಳ ಹಳೆಯವು. ಅವುಗಳನ್ನು ಬದಲಾಯಿಸಿದ್ದೇನೆ. ಓದುಗ ಮಿತ್ರರೂ ಬಿಡುವಾದಾಗ ತಮ್ಮ ವಾಹನದ ಬಳಿ ಒಮ್ಮೆ ಕುಳಿತು ಆ ಸಾಲುಗಳನ್ನು ಓದಬೇಕೆಂದು ಕೋರುತ್ತೇನೆ.